ಇಂಗ್ಲಿಷ್‌ನಲ್ಲಿ ತಾರೀಖು, ಆಗಿಹೋದ ಸಂಗತಿ ಹೇಳುವಾಗ ಎಲ್ಲಿ ಕೆಡುತ್ತದೆ? ಒಂದು ದೋಷ ನಿವಾರಣೆ ಕೈಪಿಡಿ

ಗೋ, ವೆಂಟ್, ಗಾನ್ ಅಂತ ಮೂರೂ ರೂಪ ಬಾಯಿಪಾಠ. ಪದಗಳಿಗೂ ಕೊರತೆ ಇಲ್ಲ. ಆದರೂ "ಹೋದ ವಾರ ಏನು ಮಾಡಿದಿರಿ?" ಎಂದು ಯಾರಾದರೂ ಇಂಗ್ಲಿಷ್‌ನಲ್ಲಿ ಕೇಳಿದರೆ ಉತ್ತರ ಎಲ್ಲೋ ಮುಗ್ಗರಿಸುತ್ತದೆ. ಕೇಳಿದವರಿಗೆ ಹೇಗೋ ಅರ್ಥವಾಗುತ್ತದೆ, ನಿಜ. ಆದರೆ ಕೆಲವು ಸಲ ಅರ್ಥವೇ ಬದಲಾಗಿಬಿಡುತ್ತದೆ. ಬಿಟ್ಟ ಕೆಲಸ ಇನ್ನೂ ಮಾಡುತ್ತಿರುವ ಕೆಲಸವಾಗುತ್ತದೆ. ಜೂನ್ 5ರ ಮೀಟಿಂಗನ್ನು ಎದುರಿನವರು ಮೇ 6 ಎಂದು ಬರೆದುಕೊಳ್ಳುತ್ತಾರೆ.

ಹೀಗಾದಾಗ ಹೆಚ್ಚಿನವರು ಕ್ರಿಯಾಪದದ ಪಟ್ಟಿಯನ್ನೇ ಮತ್ತೆ ಉರು ಹೊಡೆಯಲು ಕೂರುತ್ತಾರೆ. ದೋಷ ಅಲ್ಲಿರುವುದು ಕಡಿಮೆ. ವಾಕ್ಯದಲ್ಲಿ ಕಾಲ ಹೇಳುವ ಮಾತು ಒಂದು ಇರುತ್ತದಲ್ಲ, ನಿನ್ನೆ, ಐದು ವರ್ಷದಿಂದ, 2019ರಲ್ಲಿ ಅಂತ, ಅದಕ್ಕೂ ಕ್ರಿಯಾಪದಕ್ಕೂ ಹೊಂದಾಣಿಕೆ ಇಲ್ಲದಿದ್ದಾಗಲೇ ಜಾಸ್ತಿ ಕೆಡುವುದು. ಹಾಗಾಗಿ ದೋಷ ಹುಡುಕುವಾಗ ಮೊದಲು ಕಾಲದ ಮಾತಿಗೆ ಗೆರೆ ಎಳೆಯಿರಿ. ಕ್ರಿಯಾಪದವನ್ನು ಆಮೇಲೆ ನೋಡಿ. ಈ ಕ್ರಮ ತಪ್ಪಿಸಬೇಡಿ.

ಪರೀಕ್ಷೆ ಮಾಡಿ ನೋಡಲು ತಾರೀಖು ಖಚಿತವಾಗಿ ಗೊತ್ತಿರುವ ಒಂದೇ ಘಟನೆ ಇಟ್ಟುಕೊಳ್ಳೋಣ. ಟೈಟಾನಿಕ್ ಹಡಗು 1912ರ ಏಪ್ರಿಲ್ 10ರಂದು ಇಂಗ್ಲೆಂಡಿನ ಸೌತಾಂಪ್ಟನ್‌ನಿಂದ ಹೊರಟಿತು. 14ರ ರಾತ್ರಿ 11:40ಕ್ಕೆ ನೀರ್ಗಲ್ಲಿಗೆ, ಅಂದರೆ ತೇಲುವ ಹಿಮದ ಬಂಡೆಗೆ (ಐಸ್‌ಬರ್ಗ್) ಬಡಿಯಿತು. 15ರ ಬೆಳಗಿನ ಜಾವ 2:20ಕ್ಕೆ ಮುಳುಗಿತು. ಕಾರ್ಪೇಥಿಯಾ ಎಂಬ ಇನ್ನೊಂದು ಹಡಗು 4 ಗಂಟೆ ಸುಮಾರಿಗೆ ಬಂದು ಬದುಕುಳಿದವರನ್ನು ಹತ್ತಿಸಿಕೊಂಡಿತು. ಸಮುದ್ರದ ತಳದಲ್ಲಿ ಅವಶೇಷ ಪತ್ತೆಯಾದದ್ದು 1985ರ ಸೆಪ್ಟೆಂಬರ್ 1ರಂದು.

ಲಕ್ಷಣ: ತಾರೀಖೂ ಇದೆ, ಹ್ಯಾವ್ ಕೂಡ ಇದೆ

"ದ ಟೈಟಾನಿಕ್ ಹ್ಯಾಸ್ ಸಂಕ್ ಇನ್ 1912." "ಐ ಹ್ಯಾವ್ ಸೀನ್ ಹಿಮ್ ಯೆಸ್ಟರ್‌ಡೇ." ಎರಡೂ ತಪ್ಪು.

ಕನ್ನಡದಲ್ಲಿ "ಅವರನ್ನು ನಿನ್ನೆಯೇ ನೋಡಿದ್ದೇನೆ" ಎಂದರೆ ಏನೂ ತೊಂದರೆ ಇಲ್ಲ. ಆ "ಇದ್ದೇನೆ"ಯೇ ಹ್ಯಾವ್ ಆಗಿ ಇಂಗ್ಲಿಷಿಗೆ ಬಂದು ಕೂರುತ್ತದೆ. ಇಂಗ್ಲಿಷ್‌ನಲ್ಲಿ ಪ್ರೆಸೆಂಟ್ ಪರ್ಫೆಕ್ಟ್ (ಹ್ಯಾವ್, ಹ್ಯಾಸ್ ಹಾಕಿ ಹೇಳುವುದು) ಎಂಬುದು ಈಗಿನ ಗಳಿಗೆಗೆ ಕಟ್ಟಿಹಾಕಿದ ರೂಪ. ಮುಗಿದುಹೋದ ಕಾಲದ ಹೆಸರು ಹೇಳಿದ ಕೂಡಲೇ ಆ ಕಟ್ಟು ಬಿಚ್ಚಿಹೋಗುತ್ತದೆ.

ಪರೀಕ್ಷೆ ಸುಲಭ. ಹೇಳಿದ ಕಾಲ ಮುಗಿದಿದೆಯಾ ಎಂದು ಕೇಳಿಕೊಳ್ಳಿ. ನಿನ್ನೆ ಮುಗಿದಿದೆ. ಹೋದ ವರ್ಷ ಮುಗಿದಿದೆ. 1912 ಮುಗಿದಿದೆ. ನಾನು ಚಿಕ್ಕವನಿದ್ದಾಗ ಎಂಬುದೂ ಮುಗಿದ ಕಾಲವೇ. ಮುಗಿದಿದ್ದರೆ ಸಿಂಪಲ್ ಪಾಸ್ಟ್, ಅಂದರೆ ವೆಂಟ್, ಸಾ ಥರದ ಬರೀ ಭೂತಕಾಲದ ರೂಪ, ಒಂದೇ ದಾರಿ: "ದ ಟೈಟಾನಿಕ್ ಸ್ಯಾಂಕ್ ಇನ್ 1912." "ಐ ಸಾ ಹಿಮ್ ಯೆಸ್ಟರ್‌ಡೇ."

ಇವತ್ತು, ಈ ವಾರ, ಈ ವರ್ಷ ಇನ್ನೂ ನಡೆಯುತ್ತಿವೆ. ಅಲ್ಲಿ "ಐ ಹ್ಯಾವ್ ಸೀನ್ ಹಿಮ್ ಟುಡೇ" ಸರಿಯೇ. "ದಿಸ್ ಮಾರ್ನಿಂಗ್" ಮಾತ್ರ ಗಡಿಯಾರ ನೋಡಿ ಹೇಳಬೇಕಾದದ್ದು. ಬೆಳಗ್ಗೆ ಹತ್ತಕ್ಕೆ "ಐ ಹ್ಯಾವ್ ಹ್ಯಾಡ್ ತ್ರೀ ಕಾಲ್ಸ್ ದಿಸ್ ಮಾರ್ನಿಂಗ್" ಎನ್ನಬಹುದು. ಅದನ್ನೇ ಸಂಜೆ ಹೇಳುವಾಗ "ಐ ಹ್ಯಾಡ್ ತ್ರೀ ಕಾಲ್ಸ್ ದಿಸ್ ಮಾರ್ನಿಂಗ್."

ಇದರಲ್ಲೇ ಅಡಗಿರುವ ಇನ್ನೊಂದು ದೋಷ ವೆನ್ ಹಾಕಿ ಕೇಳುವ ಪ್ರಶ್ನೆಯದು. "ವೆನ್ ಹ್ಯಾವ್ ಯು ಕಮ್?" ತಪ್ಪು, "ವೆನ್ ಡಿಡ್ ಯು ಕಮ್?" ಸರಿ. ಯಾವಾಗ ಎಂದು ಕೇಳುವುದು ಅಂದರೆ ತಾರೀಖು ಕೇಳುವುದು ತಾನೆ? ತಾರೀಖು ಬಂದ ಕಡೆ ಹ್ಯಾವ್ ಇಲ್ಲ.

ಇಷ್ಟು ಕಲಿತವರೂ ಮಾತಿನ ಮಧ್ಯೆ ಒಂದು ಕಡೆ ಜಾರುತ್ತಾರೆ. "ಹ್ಯಾವ್ ಯು ಸೀನ್ ದಟ್ ಫಿಲ್ಮ್?" "ಯೆಸ್, ಐ ಹ್ಯಾವ್." ಇಲ್ಲಿಯವರೆಗೆ ಸರಿ. ಮುಂದೆ "ಐ ಹ್ಯಾವ್ ಸೀನ್ ಇಟ್ ವಿತ್ ಮೈ ಸಿಸ್ಟರ್ ಇನ್ 2019" ಎಂದರೆ ಕೆಟ್ಟಿತು. ನೋಡಿದ್ದೀರಿ ಎಂಬುದು ಒಂದು ಸುದ್ದಿ, ಅದು ಹ್ಯಾವ್‌ನಲ್ಲಿ ಬಂತು. ಯಾವಾಗ, ಎಲ್ಲಿ, ಯಾರ ಜೊತೆ ಎಂಬ ವಿವರಕ್ಕೆ ಇಳಿದ ಕೂಡಲೇ ಗೇರ್ ಬದಲಿಸಬೇಕು: "ಐ ಸಾ ಇಟ್ ವಿತ್ ಮೈ ಸಿಸ್ಟರ್ ಇನ್ 2019." ಸುದ್ದಿ ಹ್ಯಾವ್‌ನಲ್ಲಿ, ವಿವರ ಸಿಂಪಲ್ ಪಾಸ್ಟ್‌ನಲ್ಲಿ. ಇದನ್ನು ಬಾಯಿಗೆ ರೂಢಿ ಮಾಡಿಕೊಂಡರೆ ಅರ್ಧ ಕಷ್ಟ ಹೋದಂತೆ.

ಅಮೆರಿಕದವರು "ಐ ಆಲ್ರೆಡಿ ಏಟ್" ಎನ್ನುವುದನ್ನು ಕೇಳಿ ಗಾಬರಿಯಾಗಬೇಡಿ. ಬ್ರಿಟನ್ನಿನವರು ಅದನ್ನೇ "ಐ ಹ್ಯಾವ್ ಆಲ್ರೆಡಿ ಈಟನ್" ಎನ್ನುತ್ತಾರೆ. ಅದು ರೂಢಿಯ ವ್ಯತ್ಯಾಸ, ದೋಷವಲ್ಲ.

ಲಕ್ಷಣ: ಎಲ್ಲ ಕಡೆ ಹ್ಯಾಡ್

"ಐ ಹ್ಯಾಡ್ ಗಾನ್ ಟು ದ ಡಾಕ್ಟರ್ ಲಾಸ್ಟ್ ವೀಕ್." ಕನ್ನಡ ಮನೆಮಾತಿನವರ ಇಂಗ್ಲಿಷ್‌ನಲ್ಲಿ ಪದೇ ಪದೇ ಕಾಣುವ ದೋಷ ಇದು. ಕಾರಣವೂ ಕಣ್ಣೆದುರೇ ಇದೆ. "ಹೋದ ವಾರ ಡಾಕ್ಟರ ಹತ್ತಿರ ಹೋಗಿದ್ದೆ" ಎಂದೇ ನಾವು ಹೇಳುವುದು. "ಹೋಗಿದ್ದೆ" ನೇರವಾಗಿ ಹ್ಯಾಡ್ ಗಾನ್ ಆಗುತ್ತದೆ.

ಆದರೆ ಇಂಗ್ಲಿಷ್ ಕೇಳುವವರ ಕಿವಿಗೆ ಹ್ಯಾಡ್ ಬಿದ್ದರೆ ಅವರು ಇನ್ನೊಂದು ಘಟನೆಗಾಗಿ ಕಾಯುತ್ತಾರೆ. ಡಾಕ್ಟರ ಹತ್ತಿರ ಹೋಗಿದ್ದಿರಿ, ಸರಿ, ಯಾವುದಕ್ಕಿಂತ ಮುಂಚೆ? ನೀವು ಮಾತು ಮುಗಿಸಿದರೂ ಅವರ ಮಟ್ಟಿಗೆ ವಾಕ್ಯ ಮುಗಿದಿರುವುದಿಲ್ಲ. ಇಲ್ಲಿ ಬೇಕಾದದ್ದು ಬರೀ "ಐ ವೆಂಟ್ ಟು ದ ಡಾಕ್ಟರ್ ಲಾಸ್ಟ್ ವೀಕ್."

ಹಾಗಾದರೆ ಹ್ಯಾಡ್ ಯಾವಾಗ ಬೇಕು? ಆಗಿಹೋದ ಎರಡು ಘಟನೆ ಇರಬೇಕು. ಹಿಂದಿನದನ್ನು ಆಮೇಲೆ ಹೇಳುತ್ತಿರಬೇಕು, ಅಥವಾ ಯಾವುದು ಮೊದಲು ಎಂದು ಗೊಂದಲವಾಗುವಂತಿರಬೇಕು. "ವೆನ್ ದ ಕಾರ್ಪೇಥಿಯಾ ಅರೈವ್ಡ್, ದ ಟೈಟಾನಿಕ್ ಹ್ಯಾಡ್ ಸಂಕ್." ಇಲ್ಲಿ ಹ್ಯಾಡ್ ತೆಗೆದು "ವೆನ್ ದ ಕಾರ್ಪೇಥಿಯಾ ಅರೈವ್ಡ್, ದ ಟೈಟಾನಿಕ್ ಸ್ಯಾಂಕ್" ಎಂದು ಹೇಳಿ ನೋಡಿ. ಕಾರ್ಪೇಥಿಯಾ ಬಂತು, ಬಂದ ಹೊತ್ತಿಗೇ ಟೈಟಾನಿಕ್ ಮುಳುಗಿತು ಎಂದಾಗುತ್ತದೆ. ಒಂದೂವರೆ ಗಂಟೆಗೂ ಹೆಚ್ಚಿನ ಅಂತರ ಅಳಿಸಿಹೋಯಿತು. ಇಂಥ ಕಡೆ ಹ್ಯಾಡ್ ಬೇಕೇ ಬೇಕು.

ಹಾಗಾಗಿ ಪರೀಕ್ಷೆ ಇದು: ಹ್ಯಾಡ್ ತೆಗೆದು ಓದಿ. ಅರ್ಥ ಕೆಡದಿದ್ದರೆ ಅದು ಬೇಕಾಗಿರಲಿಲ್ಲ. ಘಟನೆಗಳನ್ನು ನಡೆದ ಕ್ರಮದಲ್ಲೇ ಹೇಳಿಕೊಂಡು ಹೋಗುವಾಗ ಹ್ಯಾಡ್ ಬರುವುದೇ ಇಲ್ಲ: "ಇಟ್ ಲೆಫ್ಟ್ ಆನ್ 10 ಏಪ್ರಿಲ್, ಹಿಟ್ ಆ್ಯನ್ ಐಸ್‌ಬರ್ಗ್ ಆನ್ 14 ಏಪ್ರಿಲ್, ಅಂಡ್ ಸ್ಯಾಂಕ್ ಅ ಫ್ಯೂ ಅವರ್ಸ್ ಲೇಟರ್." ಆಫ್ಟರ್, ಬಿಫೋರ್ ಎಂಬ ಪದ ಇದ್ದರೆ ಕ್ರಮವನ್ನು ಅವೇ ಹೇಳುತ್ತವೆ. ಅಲ್ಲಿ ಹ್ಯಾಡ್ ಹಾಕಿದರೂ ನಡೆಯುತ್ತದೆ, ಬಿಟ್ಟರೂ ನಡೆಯುತ್ತದೆ. ನನ್ನನ್ನು ಕೇಳಿದರೆ ಬಿಡುವುದೇ ಚೆಂದ.

ಲಕ್ಷಣ: "ಸಿನ್ಸ್ ಫೈವ್ ಇಯರ್ಸ್"

ಕನ್ನಡದಲ್ಲಿ "2019ರಿಂದ" ಎನ್ನುತ್ತೇವೆ, "ಐದು ವರ್ಷದಿಂದ" ಎನ್ನುತ್ತೇವೆ. ಎರಡಕ್ಕೂ ಒಂದೇ "ಇಂದ". ಇಂಗ್ಲಿಷ್‌ನಲ್ಲಿ ಇವು ಬೇರೆ ಬೇರೆ. ಅದೃಷ್ಟಕ್ಕೆ ನಮ್ಮ ಭಾಷೆಯ ಎರಡು ಪ್ರಶ್ನೆಗಳೇ ಇದನ್ನು ಬೇರ್ಪಡಿಸಿ ಕೊಡುತ್ತವೆ. ಕಾಲದ ಮಾತು "ಯಾವತ್ತಿನಿಂದ?" ಎಂಬುದಕ್ಕೆ ಉತ್ತರವಾಗಿದ್ದರೆ ಸಿನ್ಸ್. "ಎಷ್ಟು ದಿನದಿಂದ?" ಎಂಬುದಕ್ಕೆ ಉತ್ತರವಾಗಿದ್ದರೆ ಫಾರ್. ಸಿನ್ಸ್ 1912, ಸಿನ್ಸ್ ಮಂಡೇ, ಸಿನ್ಸ್ ದಿಸ್ ಮಾರ್ನಿಂಗ್. ಫಾರ್ ಫೈವ್ ಇಯರ್ಸ್, ಫಾರ್ ಟೂ ಅವರ್ಸ್, ಫಾರ್ ಅ ಲಾಂಗ್ ಟೈಮ್.

ಇಷ್ಟಕ್ಕೇ ನಿಲ್ಲಿಸಿದರೆ ಅರ್ಧ ಮಾತ್ರ ರಿಪೇರಿ. ಇವುಗಳ ಜೊತೆ ಬರುವ ಕ್ರಿಯಾಪದವೂ ಕೆಟ್ಟಿರುತ್ತದೆ. "ಐ ಆಮ್ ವರ್ಕಿಂಗ್ ಹಿಯರ್ ಸಿನ್ಸ್ 2019" ಎಂಬಲ್ಲಿ ಸಿನ್ಸ್ ಸರಿ, ಆಮ್ ತಪ್ಪು. ಆಗ ಶುರುವಾಗಿ ಈಗಲೂ ನಡೆಯುತ್ತಿರುವುದಕ್ಕೆ ಹ್ಯಾವ್ ಬೀನ್ ಬೇಕು: "ಐ ಹ್ಯಾವ್ ಬೀನ್ ವರ್ಕಿಂಗ್ ಹಿಯರ್ ಸಿನ್ಸ್ 2019." ನೋ (ಗೊತ್ತಿರುವುದು), ಲೈಕ್, ಓನ್ ಥರದ ಕ್ರಿಯಾಪದಗಳಿಗೆ ಐಎನ್‌ಜಿ ಹತ್ತುವುದಿಲ್ಲ. ಅಲ್ಲಿ "ಐ ಹ್ಯಾವ್ ನೋನ್ ಹಿಮ್ ಫಾರ್ ಟೆನ್ ಇಯರ್ಸ್."

ಈಗ ನಿಜವಾಗಿ ಅಪಾಯ ಇರುವ ಜಾಗ. ಫಾರ್ ಜೊತೆ ಸಿಂಪಲ್ ಪಾಸ್ಟ್ ಬಂದರೆ ವ್ಯಾಕರಣ ಕೆಡುವುದಿಲ್ಲ, ಅರ್ಥ ತಿರುಗುತ್ತದೆ. "ಐ ವರ್ಕ್ಡ್ ದೇರ್ ಫಾರ್ ಫೈವ್ ಇಯರ್ಸ್" ಎಂದರೆ ಆ ಕೆಲಸ ಬಿಟ್ಟಾಗಿದೆ. "ಐ ಹ್ಯಾವ್ ವರ್ಕ್ಡ್ ದೇರ್ ಫಾರ್ ಫೈವ್ ಇಯರ್ಸ್" ಎಂದರೆ ಇನ್ನೂ ಅಲ್ಲೇ ಇದ್ದೀರಿ. ಇಂಟರ್‌ವ್ಯೂನಲ್ಲಿ ಈ ಒಂದು ಪದದಿಂದ ಎದುರಿನವರು ನಿಮ್ಮ ಬಗ್ಗೆ ಬೇರೆಯದೇ ಲೆಕ್ಕ ಹಾಕಿಕೊಳ್ಳಬಹುದು. ನಮ್ಮ ಹಡಗಿನ ಮೇಲೆ ಇಟ್ಟು ನೋಡಿ. "ದ ರೆಕ್ ಲೇ ಅನ್‌ಡಿಸ್ಕವರ್ಡ್ ಫಾರ್ 73 ಇಯರ್ಸ್": ಪತ್ತೆಯಾಗದೆ 73 ವರ್ಷ ಬಿದ್ದಿತ್ತು, 1985ರಲ್ಲಿ ಆ ಸ್ಥಿತಿ ಮುಗಿಯಿತು, ಆದ್ದರಿಂದ ಸಿಂಪಲ್ ಪಾಸ್ಟ್. "ದ ರೆಕ್ ಹ್ಯಾಸ್ ಬೀನ್ ಆನ್ ದ ಸೀ ಫ್ಲೋರ್ ಸಿನ್ಸ್ 1912": ಇವತ್ತಿಗೂ ಅಲ್ಲೇ ಇದೆ, ಆದ್ದರಿಂದ ಹ್ಯಾಸ್ ಬೀನ್. ಒಂದೇ ಅವಶೇಷ, ಎರಡು ಕಾಲ. ಎರಡೂ ಸರಿ.

"ಫ್ರಮ್ ಟೂ ಇಯರ್ಸ್" ಎಂಬುದೂ ಕೇಳಿಬರುತ್ತದೆ. ಫ್ರಮ್‌ಗೆ ಸಾಮಾನ್ಯವಾಗಿ ಜೊತೆಗೊಂದು ಟು ಬೇಕು: ಫ್ರಮ್ 2015 ಟು 2019.

ಲಕ್ಷಣ: "ಬಿಫೋರ್ ಟೂ ಇಯರ್ಸ್"

"ಎರಡು ವರ್ಷದ ಮುಂಚೆ ಸೇರಿದೆ" ಎಂಬುದು "ಐ ಜಾಯಿನ್ಡ್ ಬಿಫೋರ್ ಟೂ ಇಯರ್ಸ್" ಆಗುತ್ತದೆ. ಇವತ್ತಿನಿಂದ ಹಿಂದಕ್ಕೆ ಎಣಿಸಿದ್ದರೆ ಅಗೋ ಬೇಕು. ಅದು ಅಳತೆ ಹೇಳಿದ ನಂತರ ಬರುತ್ತದೆ, ಮೊದಲು ಅಲ್ಲ: "ಐ ಜಾಯಿನ್ಡ್ ಟೂ ಇಯರ್ಸ್ ಅಗೋ." ಅಗೋ ಅಂದರೂ ಮುಗಿದ ಕಾಲದ ತಾರೀಖು ಹೇಳಿದಂತೆಯೇ. ಆದ್ದರಿಂದ "ಐ ಹ್ಯಾವ್ ಜಾಯಿನ್ಡ್ ಟೂ ಇಯರ್ಸ್ ಅಗೋ" ಕೂಡ ಹೋಗಬೇಕು.

ಎಣಿಕೆ ಇವತ್ತಿನಿಂದ ಅಲ್ಲ, ಹಿಂದಿನ ಇನ್ಯಾವುದೋ ದಿನದಿಂದ ಶುರುವಾದರೆ ಅರ್ಲಿಯರ್ ಅಥವಾ ಬಿಫೋರ್. ಅವೂ ಅಳತೆಯ ನಂತರವೇ. "ಇಟ್ ಹಿಟ್ ದಿ ಐಸ್‌ಬರ್ಗ್ ಆನ್ 14 ಏಪ್ರಿಲ್. ಇಟ್ ಹ್ಯಾಡ್ ಲೆಫ್ಟ್ ಸೌತಾಂಪ್ಟನ್ ಫೋರ್ ಡೇಸ್ ಅರ್ಲಿಯರ್." ಇಲ್ಲಿ ನಾಲ್ಕು ದಿನ ಎಣಿಸಿದ್ದು ಏಪ್ರಿಲ್ 14ರಿಂದ. ಹಿಂದಿನದನ್ನು ಆಮೇಲೆ ಹೇಳುತ್ತಿದ್ದೇವೆ, ಅದಕ್ಕೇ ಹ್ಯಾಡ್ ಕೂಡ ಬಂತು.

ಮುಂದಿನ ದಿನಗಳಿಗೂ ಇದೇ ತೊಡಕು ಇದೆ. ಇವತ್ತಿನಿಂದ ಎರಡು ದಿನ ಬಿಟ್ಟು ಫೋನ್ ಮಾಡುತ್ತೇನೆ ಎನ್ನಲು "ಐ ವಿಲ್ ಕಾಲ್ ಯು ಇನ್ ಟೂ ಡೇಸ್" ಎನ್ನಿ. "ಆಫ್ಟರ್ ಟೂ ಡೇಸ್" ಅಲ್ಲ.

"ಮೊನ್ನೆ" ಎನ್ನುವಾಗಲೂ ಒಂದು ಎಚ್ಚರ ಬೇಕು. ನಿನ್ನೆಯ ಹಿಂದಿನ ದಿನವೇ ಆಗಿದ್ದರೆ "ದ ಡೇ ಬಿಫೋರ್ ಯೆಸ್ಟರ್‌ಡೇ". ಸುಮ್ನೆ ಇತ್ತೀಚೆಗೆ ಎಂಬ ಅರ್ಥದ ಮೊನ್ನೆ ಆಗಿದ್ದರೆ "ದಿ ಅದರ್ ಡೇ". ಮೊದಲನೆಯದನ್ನು ಹೇಳಿದರೆ ಕೇಳಿದವರು ಕ್ಯಾಲೆಂಡರ್‌ನಲ್ಲಿ ಆ ದಿನವನ್ನೇ ಹಿಡಿದುಕೊಳ್ಳುತ್ತಾರೆ.

ಲಕ್ಷಣ: ಇನ್, ಆನ್, ಆಟ್ ಅದಲು ಬದಲು

ಗಂಟೆಗೆ ಆಟ್, ದಿನಕ್ಕೆ ಆನ್, ತಿಂಗಳು ಮತ್ತು ವರ್ಷಕ್ಕೆ ಇನ್. ಇದು ಎಲ್ಲರಿಗೂ ಗೊತ್ತು. ಕೆಡುವುದು ಎರಡು ಸೇರಿ ಬಂದಾಗ. "ಇನ್ ಏಪ್ರಿಲ್" ಸರಿ, "ಇನ್ 15 ಏಪ್ರಿಲ್" ತಪ್ಪು. ತಿಂಗಳು, ವರ್ಷ ಏನೇ ಜೊತೆಗಿರಲಿ, ಯಾವ ದಿನ ಎಂಬುದು ಗೊತ್ತಾಗುತ್ತಿದ್ದರೆ ಆನ್: "ಆನ್ 15 ಏಪ್ರಿಲ್ 1912". ಬೆಳಗ್ಗೆ, ಸಂಜೆಗಳಿಗೂ ಇದೇ ಮಾತು. "ಇನ್ ದ ಮಾರ್ನಿಂಗ್", ಆದರೆ "ಆನ್ ಮಂಡೇ ಮಾರ್ನಿಂಗ್". "ಆಟ್ ನೈಟ್", ಆದರೆ "ಆನ್ ದ ನೈಟ್ ಆಫ್ 14 ಏಪ್ರಿಲ್".

ಲಾಸ್ಟ್, ದಿಸ್, ನೆಕ್ಸ್ಟ್, ಯೆಸ್ಟರ್‌ಡೇ ಇದ್ದರೆ ಅದಕ್ಕೆ ಮೊದಲು ಇನ್, ಆನ್, ಆಟ್ ಏನೂ ಬೇಡ. "ಆನ್ ಲಾಸ್ಟ್ ಮಂಡೇ" ಎಂಬಲ್ಲಿ ಆನ್ ಕಿತ್ತುಹಾಕಿ. ಹೋದ ವಾರದ ಹಿಂದಿನ ವಾರಕ್ಕೆ "ಲಾಸ್ಟ್ ಬಿಫೋರ್ ವೀಕ್" ಎಂಬ ರೂಪ ಇಲ್ಲ, "ದ ವೀಕ್ ಬಿಫೋರ್ ಲಾಸ್ಟ್" ಎನ್ನಬೇಕು.

ಲಕ್ಷಣ: ಬರೆದ ತಾರೀಖನ್ನು ಬೇರೆಯವರು ಬೇರೆ ಓದುತ್ತಾರೆ

05/06/2024. ಬ್ರಿಟನ್, ಭಾರತದ ರೂಢಿಯಲ್ಲಿ ಇದು ಜೂನ್ 5. ಅಮೆರಿಕದ ರೂಢಿಯಲ್ಲಿ ಮೇ 6. ಬರೆದವರದ್ದೂ ತಪ್ಪಲ್ಲ, ಓದಿದವರದ್ದೂ ತಪ್ಪಲ್ಲ. ಅದೇ ಇದರ ಕಷ್ಟ. ದಿನದ ಅಂಕಿ 12 ದಾಟಿದರೆ ಗೊಂದಲವಿಲ್ಲ, 25/06 ಎಂಬುದನ್ನು ತಪ್ಪು ಓದಲು ಸಾಧ್ಯವೇ ಇಲ್ಲ. ಆದರೆ ಲೆಕ್ಕ ಹಾಕಿ ನೋಡಿದರೆ ವರ್ಷದಲ್ಲಿ 132 ದಿನ ಹೀಗೆ ಎರಡು ಥರ ಓದಿಸಿಕೊಳ್ಳುತ್ತವೆ. ಮೂರರಲ್ಲಿ ಒಂದಕ್ಕಿಂತ ಜಾಸ್ತಿ!

ಪರಿಹಾರ ಒಂದೇ: ತಿಂಗಳನ್ನು ಅಕ್ಷರದಲ್ಲಿ ಬರೆಯಿರಿ. ಬ್ರಿಟಿಷ್ ರೂಢಿಯಲ್ಲಿ 5 ಜೂನ್ 2024, ಅಲ್ಪವಿರಾಮ ಬೇಡ. ಅಮೆರಿಕದ ರೂಢಿಯಲ್ಲಿ ಜೂನ್ 5, 2024, ಅಲ್ಪವಿರಾಮ ಬೇಕು. ಒಂದು ಬರಹದಲ್ಲಿ ಒಂದೇ ರೂಢಿ ಇಟ್ಟುಕೊಳ್ಳಿ. ಫೈಲಿನ ಹೆಸರಿಗೆ, ಪಟ್ಟಿಗಳಿಗೆ 2024-06-05 ಎಂದು ವರ್ಷ, ತಿಂಗಳು, ದಿನದ ಕ್ರಮ ಅತಿ ಒಳ್ಳೆಯದು. 1988ರಲ್ಲಿ ಮೊದಲು ಹೊರಬಂದ ಐಎಸ್‌ಒ 8601 ಎಂಬ ಅಂತರರಾಷ್ಟ್ರೀಯ ಮಾನದಂಡ ಹೇಳುವುದೂ ಇದನ್ನೇ. ಹೀಗೆ ಹೆಸರಿಟ್ಟ ಫೈಲುಗಳು ತಾವಾಗಿಯೇ ತಾರೀಖಿನ ಸಾಲಿನಲ್ಲಿ ನಿಲ್ಲುತ್ತವೆ.

ಬರೆಯುವುದು ಒಂದು, ಓದುವುದು ಇನ್ನೊಂದು. 5 ಜೂನ್ ಎಂದು ಬರೆದದ್ದನ್ನು "ಫೈವ್ ಜೂನ್" ಎಂದು ಓದಬಾರದು. "ದ ಫಿಫ್ತ್ ಆಫ್ ಜೂನ್" ಎನ್ನಬೇಕು. ಅಲ್ಲಿರುವ ದ, ಆಫ್ ಎರಡೂ ಬರಹದಲ್ಲಿ ಕಾಣುವುದಿಲ್ಲ, ಬಾಯಲ್ಲಿ ಬರಬೇಕು. ಕನ್ನಡದಲ್ಲಿ ಎಲ್ಲ ಅಂಕಿಗೂ ಒಂದೇ "ನೇ" ಹಚ್ಚಿದರೆ ಆಯಿತು. ಇಂಗ್ಲಿಷ್‌ನಲ್ಲಿ ಫಸ್ಟ್, ಸೆಕೆಂಡ್, ಥರ್ಡ್ ಬೇರೆ, ಉಳಿದವು ಬೇರೆ. 21, 22, 23, 31 ಬಂದಾಗ ಆ ಮೂರು ಮತ್ತೆ ತಲೆ ಎತ್ತುತ್ತವೆ: ಟ್ವೆಂಟಿ ಫಸ್ಟ್, ಟ್ವೆಂಟಿ ಸೆಕೆಂಡ್, ಟ್ವೆಂಟಿ ಥರ್ಡ್, ಥರ್ಟಿ ಫಸ್ಟ್. 11, 12, 13 ಮಾತ್ರ ಇಲೆವೆಂತ್, ಟ್ವೆಲ್ಫ್ತ್, ಥರ್ಟೀಂತ್.

ವರ್ಷವನ್ನು ಎರಡೆರಡು ಅಂಕಿಯಾಗಿ ಒಡೆದು ಓದಿ. 1912 ನೈಂಟೀನ್ ಟ್ವೆಲ್ವ್, 1905 ನೈಂಟೀನ್ ಓ ಫೈವ್, 1900 ನೈಂಟೀನ್ ಹಂಡ್ರೆಡ್. 2000ದಿಂದ 2009ರವರೆಗೆ ಟೂ ತೌಸಂಡ್ ಹಾಕಿ ಹೇಳುವುದು ರೂಢಿ. 2010ರ ಮೇಲೆ ಎರಡೂ ನಡೆಯುತ್ತವೆ. ಶತಮಾನದಲ್ಲಿ ಒಂದು ಹೆಜ್ಜೆ ತಪ್ಪುವವರು ಬಹಳ. 1912 ಇಪ್ಪತ್ತನೇ ಶತಮಾನ, ಹತ್ತೊಂಬತ್ತನೆಯದಲ್ಲ.

ಚಿಕ್ಕ ದೋಷಗಳು

"ಐ ಡಿಡ್‌ನಾಟ್ ವೆಂಟ್", "ಡಿಡ್ ಯು ಸಾ?" ಭೂತಕಾಲದ ಗುರುತು ಒಂದೇ ಸಲ ಸಾಕು. ಡಿಡ್ ಅದನ್ನು ಹೊತ್ತುಕೊಂಡಿದೆ, ಆದ್ದರಿಂದ ಮುಂದೆ ಗೋ, ಸೀ.

"ಐ ಬಾರ್ನ್ ಇನ್ 1995", "ಐ ಆಮ್ ಬಾರ್ನ್ ಇನ್ 1995." ಎರಡೂ ಅಲ್ಲ, "ಐ ವಾಸ್ ಬಾರ್ನ್ ಇನ್ 1995."

"ಹೋಗುತ್ತಿದ್ದೆ" ಎಂಬುದಕ್ಕೆ ಮಾತ್ರ ಸ್ವಲ್ಪ ನಿಂತು ಯೋಚಿಸಿ. "ನೀವು ಫೋನ್ ಮಾಡಿದಾಗ ಈಜಲು ಹೋಗುತ್ತಿದ್ದೆ" ಎಂಬುದು ಆ ಗಳಿಗೆಯ ಮಾತು, ಅದಕ್ಕೆ "ಐ ವಾಸ್ ಗೋಯಿಂಗ್". "ಚಿಕ್ಕವಳಿದ್ದಾಗ ದಿನಾ ಈಜಲು ಹೋಗುತ್ತಿದ್ದೆ" ಎಂಬುದು ಅಭ್ಯಾಸ, ಅದಕ್ಕೆ "ಐ ಯೂಸ್ಡ್ ಟು ಗೋ". ದಿನಾ, ವಾರವಾರ, ಆಗೆಲ್ಲ ಎಂಬ ಪದ ಸೇರಿಸಬಹುದಾದರೆ ಯೂಸ್ಡ್ ಟು.

ಒಂದು ಪೂರ್ತಿ ಇಮೇಲ್ ತಪಾಸಣೆ

"ಐ ಹ್ಯಾಡ್ ಜಾಯಿನ್ಡ್ ದ ಕೋರ್ಸ್ ಬಿಫೋರ್ ಸಿಕ್ಸ್ ಮಂತ್ಸ್. ಐ ಹ್ಯಾವ್ ಪೇಯ್ಡ್ ದ ಫೀ ಆನ್ ಲಾಸ್ಟ್ ಫ್ರೈಡೇ. ಐ ಆಮ್ ವೇಟಿಂಗ್ ಫಾರ್ ದ ರಿಸೀಟ್ ಸಿನ್ಸ್ ಫೋರ್ ಡೇಸ್, ಬಟ್ ಐ ಡಿಡ್‌ನಾಟ್ ಗಾಟ್ ಎನಿ ರಿಪ್ಲೈ."

ಕಾಲದ ಮಾತುಗಳಿಗೆ ಗೆರೆ ಎಳೆಯೋಣ. ಮೊದಲ ವಾಕ್ಯದ್ದು ಇವತ್ತಿನಿಂದ ಎಣಿಸಿದ ಆರು ತಿಂಗಳು. ಹಾಗಾಗಿ ಸಿಕ್ಸ್ ಮಂತ್ಸ್ ಅಗೋ. ಎರಡನೇ ಘಟನೆ ಇಲ್ಲ, ಹ್ಯಾಡ್ ಹೋಗಲಿ. ಎರಡನೆಯದು ಹೋದ ಶುಕ್ರವಾರ, ಮುಗಿದ ಕಾಲ. ಹ್ಯಾವ್ ಹೋಗಲಿ, ಲಾಸ್ಟ್‌ಗೆ ಮೊದಲಿರುವ ಆನ್ ಕೂಡ ಹೋಗಲಿ. ಮೂರನೆಯದು "ಎಷ್ಟು ದಿನದಿಂದ?" ಎಂಬುದಕ್ಕೆ ಉತ್ತರ. ಆದ್ದರಿಂದ ಫಾರ್, ಜೊತೆಗೆ ಹ್ಯಾವ್ ಬೀನ್. ಕೊನೆಯ ತುಂಡಿನಲ್ಲಿ ಕಾಲದ ಮಾತೇ ಇಲ್ಲ. ಡಿಡ್‌ನಾಟ್ ಗೆಟ್ ಎಂದು ಸರಿಪಡಿಸಿದರೆ ವ್ಯಾಕರಣ ಒಪ್ಪುತ್ತದೆ. ಆದರೆ ಬರೆದವರು ಇನ್ನೂ ಕಾಯುತ್ತಿದ್ದಾರೆ. ವಿಷಯ ಈಗಿನ ಗಳಿಗೆಯವರೆಗೆ ಬಂದಿದೆ, ಹಾಗಾಗಿ ಇಲ್ಲಿ ಹ್ಯಾವ್ ಬೇಕು.

"ಐ ಜಾಯಿನ್ಡ್ ದ ಕೋರ್ಸ್ ಸಿಕ್ಸ್ ಮಂತ್ಸ್ ಅಗೋ. ಐ ಪೇಯ್ಡ್ ದ ಫೀ ಲಾಸ್ಟ್ ಫ್ರೈಡೇ. ಐ ಹ್ಯಾವ್ ಬೀನ್ ವೇಟಿಂಗ್ ಫಾರ್ ದ ರಿಸೀಟ್ ಫಾರ್ ಫೋರ್ ಡೇಸ್, ಬಟ್ ಐ ಹ್ಯಾವ್ ನಾಟ್ ಗಾಟ್ ಅ ರಿಪ್ಲೈ ಯೆಟ್."

ವ್ಯಾಕರಣದ ಮಟ್ಟಿಗೆ ಇದು ಸರಿ. ಆದರೂ ಇಂಥ ಇಮೇಲ್‌ನಲ್ಲಿ ನಾನು ಲಾಸ್ಟ್ ಫ್ರೈಡೇ ಬಿಡುವುದಿಲ್ಲ. ನೀವು ಬರೆದದ್ದು ಮಂಗಳವಾರ, ಅವರು ಓದುವುದು ಮುಂದಿನ ಸೋಮವಾರ ಇರಬಹುದು. ಆಗ ಅವರ ಲಾಸ್ಟ್ ಫ್ರೈಡೇ ಬೇರೆ ಶುಕ್ರವಾರ. "ಆನ್ ಫ್ರೈಡೇ, 7 ಜೂನ್ 2024" ಎಂದು ವಾರ, ತಾರೀಖು ಎರಡೂ ಬರೆಯಿರಿ. ಲಾಸ್ಟ್ ಹೋಯಿತು, ಆದ್ದರಿಂದ ಆನ್ ವಾಪಸ್ ಬಂತು. ಹಾಗೆ ಬರೆಯುವಾಗ ಕ್ಯಾಲೆಂಡರ್ ಒಮ್ಮೆ ನೋಡಿಬಿಡಿ. ವಾರಕ್ಕೂ ತಾರೀಖಿಗೂ ತಾಳೆಯಾಗದಿದ್ದರೆ ಯಾವುದನ್ನು ನಂಬಬೇಕು ಎಂದು ಓದುವವರಿಗೆ ತಿಳಿಯುವುದಿಲ್ಲ, ಮತ್ತೆ ಇಮೇಲ್ ಬರೆದು ಕೇಳಬೇಕಾಗುತ್ತದೆ.